ತಕ್ಕಡಿ ಯಾರದು ಅಂತ ಮೊದಲು ಕೇಳಿ

ತೊಗರಿ ಸೀಸನ್ ಶುರುವಾದರೆ ಕಲಬುರಗಿಯ ನೆಹರೂ ಗಂಜ್‌ನಲ್ಲಿ ನನಗೆ ಪುರುಸೊತ್ತು ಇರುವುದಿಲ್ಲ. ಕಾಟಾ, ಅಂದರೆ ತೂಕದ ಮಷೀನ್, ರಿಪೇರಿ ನನ್ನ ಕಸುಬು. ರೈತರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಮಾತು: "ಅಣ್ಣಾ, ಈ ಎಲೆಕ್ಟ್ರಾನಿಕ್ ಕಾಟಾ ಮೋಸ ಮಾಡ್ತದೇನ್ರಿ?" ಮಷೀನ್ ಬಗ್ಗೆ ಕೇಳುತ್ತಾರೆ. ಅದು ಯಾರದು ಅಂತ ಕೇಳುವುದಿಲ್ಲ. ಹಳೇ ವ್ಯಾಪಾರದ ಊರುಗಳು ತಲೆ ಕೆಡಿಸಿಕೊಂಡಿದ್ದು ಮಾತ್ರ ಇದೇ ಪ್ರಶ್ನೆಗೆ.

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1565ರಲ್ಲಿ ಊರ ನಡುವಿನ ಚೌಕದಲ್ಲೇ ಒಂದು ತೂಕದ ಮನೆ ಕಟ್ಟಿದರು. ಭಾರೀ ಮಾಲನ್ನು ವ್ಯಾಪಾರಿ ತನ್ನ ಅಂಗಡಿಯಲ್ಲಿ ತೂಗುವ ಹಾಗಿರಲಿಲ್ಲ, ಇಲ್ಲಿಗೇ ತರಬೇಕಿತ್ತು. ತೂಕದ ಫೀ ಊರ ಬೊಕ್ಕಸಕ್ಕೆ ಹೋಗುತ್ತಿತ್ತು. ಮಾಲು ಹೆಚ್ಚಿ ಆ ಮನೆ ಸಾಲದಾದಾಗ, 1488ರ ಹಳೇ ಕೋಟೆ ಬಾಗಿಲೊಂದನ್ನು 1617ರಲ್ಲಿ ಇನ್ನೊಂದು ತೂಕದ ಮನೆ ಮಾಡಿಕೊಂಡರು. ಕೆಳಗೆ ತಕ್ಕಡಿ, ಮೇಲಂತಸ್ತಿನಲ್ಲಿ ಸರ್ಜನ್‌ಗಳ ಸಂಘ ಹೆಣ ಕೊಯ್ದು ಪಾಠ ಹೇಳುತ್ತಿತ್ತು! ಆ ಕಟ್ಟಡ ಇವತ್ತಿಗೂ ಇದೆ. ಚೌಕದ್ದನ್ನು ಮಾತ್ರ 1808ರಲ್ಲಿ ಕೆಡವಿದರು. ಪಕ್ಕದ ಟೌನ್ ಹಾಲ್‌ನ್ನು ಅರಮನೆ ಮಾಡಿಕೊಂಡಿದ್ದ ರಾಜ ಲೂಯಿ ಬೊನಪಾರ್ಟೆಗೆ ಅದು ಕಣ್ಣಿಗೆ ಅಡ್ಡ ಬರುತ್ತಿತ್ತು.

ತೂಗುವ ಹಕ್ಕು ಅಂದರೆ ಆಗ ಊರಿಗೆ ದೊಡ್ಡ ಆಸ್ತಿ. ಅದೇ ದೇಶದ, ಚೀಸ್ ವ್ಯಾಪಾರದ ಊರಾದ ಆಲ್ಕ್‌ಮಾರ್ 1573ರಲ್ಲಿ ಸ್ಪೇನ್‌ನವರ ಮುತ್ತಿಗೆಯನ್ನು ತಡೆದು ನಿಂತಿತು. ಕೈತಪ್ಪಿದ್ದ ತೂಗುವ ಹಕ್ಕು ಆಮೇಲೆ ಅದಕ್ಕೆ ವಾಪಸ್ ಸಿಕ್ಕಿತು. ಆ ಸಂಗತಿಯನ್ನು ತೂಕದ ಮನೆಯ ಗೋಡೆಯ ಮೇಲೇ ಲ್ಯಾಟಿನ್‌ನಲ್ಲಿ ಬರೆಸಿಟ್ಟಿದ್ದಾರೆ. ಅಲ್ಲಿ ಮಾಲು ಹೊರುವವರು ಬೇರೆ, ಕಲ್ಲು ಇಡುವವನು ಬೇರೆ, ತೂಕ ನೋಡಿ ಹೇಳುವ ಅಧಿಕಾರಿ ಬೇರೆ. ಇವರಲ್ಲಿ ಯಾರೂ ಕೊಳ್ಳುವವರಲ್ಲ, ಮಾರುವವರೂ ಅಲ್ಲ. ಆ ತಕ್ಕಡಿಗಿದ್ದ ಬೆಲೆ ಅದರಿಂದಲೇ ಬಂದದ್ದು ಅನ್ನೋದು ನನ್ನ ಲೆಕ್ಕ.

ನಮ್ಮಲ್ಲೂ ಈ ಯೋಚನೆ ಹೊಸದೇನಲ್ಲ. ನಾಲ್ಕು ತಿಂಗಳಿಗೊಮ್ಮೆ ತೂಕದ ಕಲ್ಲಿಗೆ ಮುದ್ರೆ ಹಾಕಿಸಬೇಕು ಅಂತ ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಈಗಿನ ನಿಯಮದಲ್ಲಿ ಎಲೆಕ್ಟ್ರಾನಿಕ್ ಕಾಟಾಕ್ಕೆ 12 ತಿಂಗಳು, ದಂಡಿ ತಕ್ಕಡಿಗೆ 24. ಕೌಟಿಲ್ಯನೇ ಜಾಸ್ತಿ ಬಿಗಿ! ಆಗ ಕಲಬುರಗಿಯನ್ನು ಆಳುತ್ತಿದ್ದ ನಿಜಾಮರ ಸರ್ಕಾರ 1930ರಲ್ಲಿ ಕೃಷಿ ಮಾರುಕಟ್ಟೆ ಕಾನೂನು ತಂದಿತು. ಕರ್ನಾಟಕದ ಎಪಿಎಂಸಿ ಕಾನೂನು 1966ರದು. ಅದರ ಪ್ರಕಾರ ತೂಕ ಮಾಡುವವನಿಗೂ ಲೈಸೆನ್ಸ್ ಬೇಕು. ಇಷ್ಟಾದರೂ ಚೀಲ ತೂಗುವ ಕಾಟಾ ಸಾಮಾನ್ಯವಾಗಿ ಇರುವುದು ಅಡತ್ ಅಂಗಡಿಯಲ್ಲೇ, ಅಂದರೆ ಕಮಿಷನ್ ಏಜೆಂಟನ ಹತ್ತಿರವೇ. ಅದಕ್ಕೇ ಮುದ್ರೆ ನೋಡಿ ಅನ್ನೋದು. ಕಾನೂನು ಮಾಪನಶಾಸ್ತ್ರ ಇಲಾಖೆಯ ಸರ್ಟಿಫಿಕೇಟ್ ಅಂಗಡಿಯಲ್ಲಿ ಕಾಣುವ ಹಾಗೆ ಹಾಕಿರಬೇಕು. ಕೇಳಿದರೆ ಯಾರೂ ಸಿಟ್ಟಾಗಬೇಕಿಲ್ಲ.

ಬೇಕಂತಲೇ ಕೆಡಿಸಿದ ಕಾಟಾಗಳೂ ಇರುತ್ತವೆ. ಆದರೆ ಬಿಚ್ಚಿದಾಗ ನನಗೆ ಜಾಸ್ತಿ ಸಿಗುವುದು ತೊಗರಿ ಹೊಟ್ಟು. ತಟ್ಟೆಯ ಕೆಳಗೆ ಹೊಟ್ಟು, ಮಣ್ಣು, ಸುತಳಿ ಚೂರು ಕೂತು ಗಟ್ಟಿಯಾಗಿರುತ್ತದೆ. ಆಗ ಚೀಲದ ಭಾರ ಪೂರ್ತಿ ಲೋಡ್ ಸೆಲ್ (ಭಾರ ಅಳೆಯುವ ಭಾಗ) ಮೇಲೆ ಬೀಳುವುದಿಲ್ಲ, ಸ್ವಲ್ಪ ನೆಲಕ್ಕೆ ಹೋಗುತ್ತದೆ. ಕಾಟಾ ಕಡಿಮೆ ತೋರಿಸುತ್ತದೆ, ನಷ್ಟ ರೈತನಿಗೆ. ಇದನ್ನು ಹಿಡಿಯುವುದು ಸುಲಭ. ಮುದ್ರೆ ಇರುವ 20 ಕೆಜಿ ಕಲ್ಲನ್ನು ತಟ್ಟೆಯ ನಾಲ್ಕೂ ಮೂಲೆಗೆ ಒಂದೊಂದು ಸಲ ಇಡಿ. ನಾಲ್ಕೂ ಕಡೆ ಒಂದೇ ತೂಕ ಬರಬೇಕು. ಒಂದು ಮೂಲೆಯಲ್ಲಿ ಎದ್ದು ಕಾಣುವಷ್ಟು ಕಡಿಮೆ ಬಂದರೆ ತೂಗುವುದು ನಿಲ್ಲಿಸಿ, ತಟ್ಟೆ ಎತ್ತಿಸಿ. ಖಾಲಿ ಇದ್ದಾಗ ಸೊನ್ನೆ ಇದೆಯಾ ಅಂತ ನೋಡುವುದಂತೂ ಇದ್ದೇ ಇದೆ.

ಇನ್ನು ಲಾರಿ ಕಾಟಾ. ಕೆಲವರು ಏಳೆಂಟು ಕ್ವಿಂಟಲ್ ತೊಗರಿಯನ್ನು ಟೆಂಪೋದಲ್ಲಿ ತಂದು ಅದರ ಮೇಲೆ ತೂಗಿಸಿ, "ದೊಡ್ಡ ಕಾಟಾ, ಪಕ್ಕಾ ತೂಕ" ಅಂತ ಖುಷಿಪಡುತ್ತಾರೆ. ಹಾಗಲ್ಲ. ಹತ್ತು ಹತ್ತು ಕೆಜಿಯಂತೆ ಏರುವ ಕಾಟಾಕ್ಕೆ ಮುದ್ರೆ ಹಾಕುವಾಗಲೇ 5 ಟನ್ ಒಳಗಿನ ತೂಕಕ್ಕೆ 5 ಕೆಜಿ ಆಚೀಚೆ ಇರಬಹುದು ಅಂತ ನಿಯಮವೇ ಒಪ್ಪುತ್ತದೆ. ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಒಮ್ಮೆ ತೂಗಿದರೆ ಎರಡೂ ಸೇರಿ 10 ಕೆಜಿವರೆಗೆ ಹೋಗಬಹುದು. ಅದೇ ಚೀಲವನ್ನು 50 ಗ್ರಾಂ ಲೆಕ್ಕದ ಚಿಕ್ಕ ಕಾಟಾದ ಮೇಲೆ ಇಟ್ಟರೆ, 50 ಕೆಜಿಗೆ ಒಪ್ಪುವ ವ್ಯತ್ಯಾಸ ಬರೀ 50 ಗ್ರಾಂ. ಲಾರಿ ಕಾಟಾ ಲಾರಿಗೆ ಇರಲಿ.

ಕಾಟಾ ಸರಿ ಇದ್ದೂ ಕಡಿಮೆ ದುಡ್ಡು ಬಂದರೆ ಅದು ಸೂಟು. ತೂಕ ಆದಮೇಲೆ ಕ್ವಿಂಟಲ್‌ಗೆ ಇಷ್ಟು ಅಂತ ಮುರಿದುಕೊಳ್ಳುವುದು ನಡೆಯುವುದು ಲೆಕ್ಕದ ಪುಸ್ತಕದಲ್ಲಿ, ಅಲ್ಲಿ ನನ್ನ ಪಾನಾ ಕೆಲಸ ಮಾಡುವುದಿಲ್ಲ. ಪಟ್ಟಿ ಕೊಡುವಾಗ ಒಟ್ಟು ತೂಕ, ಬಾರದಾನದ (ಖಾಲಿ ಚೀಲದ) ತೂಕ, ಕಡಿತ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಬರೆದಿದ್ದು ಕೈಯಲ್ಲಿದ್ದರೆ ಮಾತ್ರ ಮಾರುಕಟ್ಟೆ ಸಮಿತಿಯಲ್ಲಿ ತೋರಿಸಲು ಏನಾದರೂ ಇರುತ್ತದೆ.