ಮುಟ್ಟಿಗೆ ಹಳೆ ಸೀರೆ ಬಟ್ಟೆ ಬಳಸಿದರೆ ಸೋಂಕು ಬರುತ್ತಾ?

ಪ್ರಶ್ನೆ: ನಾವು ಪುಣೆಯ ಹಡಪ್ಸರ್‌ನಲ್ಲಿ ದುಡಿಯುತ್ತೇವೆ. ಮಗಳು ಇಂಡಿ ಹತ್ತಿರದ ನಮ್ಮೂರಲ್ಲಿ ಅಜ್ಜಿ ಜೊತೆ ಇದ್ದು ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸ್ ಓದುತ್ತಾಳೆ. ಹೋದ ತಿಂಗಳು ದೊಡ್ಡವಳಾದಳು. ಅತ್ತೆ ಹಳೆ ಸೀರೆ ಹರಿದು ಕೊಟ್ಟಿದ್ದಾರೆ. ಬಟ್ಟೆಯಿಂದ ಸೋಂಕು ಬರುತ್ತಾ? ಇಲ್ಲಿಂದ ಪ್ಯಾಡ್ ಕಳಿಸಲಾ?

ಅಕ್ಕಾ, ಬಟ್ಟೆ ಅನ್ನುವ ಕಾರಣಕ್ಕೇ ಸೋಂಕು ಬರುವುದಿಲ್ಲ. ಸರಿಯಾಗಿ ತೊಳೆಯದೆ, ಒಣಗಿಸದೆ ಬಳಸಿದರೆ ಬರಬಹುದು. ಮೆತ್ತನೆ ಹತ್ತಿ ಸೀರೆಯಾದರೆ ಒಳ್ಳೆಯದೇ. ಸಿಂಥೆಟಿಕ್ ಬೇಡ, ಅದು ಹೀರುವುದಿಲ್ಲ, ತೊಡೆಯನ್ನೂ ಉಜ್ಜುತ್ತದೆ.

ತೊಂದರೆ ಶುರುವಾಗುವುದು ಒಣಹಾಕುವಾಗ. ಗಂಡಸರ ಕಣ್ಣಿಗೆ ಬೀಳಬಾರದು ಅಂತ ಬಚ್ಚಲ ಮೂಲೆಯಲ್ಲಿ, ಲಂಗದ ಕೆಳಗೆ ಬಚ್ಚಿಟ್ಟು ಒಣಗಿಸುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವಳು. ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಅರೆ ಒದ್ದೆಯದನ್ನೇ ಮತ್ತೆ ಇಟ್ಟುಕೊಳ್ಳುತ್ತಿದ್ದೆ. ತುರಿಕೆ, ಉರಿ. ಮುಟ್ಟು ಅಂದರೆ ಹೀಗೇ ಇರುತ್ತೆ ಅಂದುಕೊಂಡಿದ್ದೆ. ಹೇಳುವವರು ಯಾರೂ ಇರಲಿಲ್ಲ.

ಮೊದಲು ತಣ್ಣೀರಲ್ಲಿ ನೆನೆಸಿ, ಸೋಪು ಹಾಕಿ ತೊಳೆದು, ಅಂಗಳದ ಹಗ್ಗಕ್ಕೇ ಹಾಕಲಿ. ಇಂಡಿಯ ಬಿಸಿಲಿಗೆ ಹತ್ತಿ ಬಟ್ಟೆ ಒಣಗಲು ಎಷ್ಟು ಹೊತ್ತು ಬೇಕು, ಅಲ್ವಾ? ಬಟ್ಟೆಯಾಗಲಿ ಪ್ಯಾಡ್ ಆಗಲಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು.

ಶಾಲೆಯಲ್ಲಿ ಒದ್ದೆ ಬಟ್ಟೆ ಬದಲಾಯಿಸಿ ಇಟ್ಟುಕೊಳ್ಳುವುದು ಕಷ್ಟ. ಶಾಲೆಗೆ ಪ್ಯಾಡ್, ಮನೆಯಲ್ಲಿ ಬಟ್ಟೆ ಅಂದರೆ ನನಗೆ ಸರಿ ಕಾಣುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳ ಹುಡುಗಿಯರಿಗೆ ಶುಚಿ ಯೋಜನೆಯಲ್ಲಿ ಪ್ಯಾಡ್ ಉಚಿತ. ಮೊದಲು ಟೀಚರ್ ಹತ್ತಿರ ಕೇಳಿಸಿ. ಜನೌಷಧಿ ಅಂಗಡಿಯ ಸುವಿಧಾ ಪ್ಯಾಡ್‌ಗೆ 2019ರಿಂದ ಒಂದಕ್ಕೆ ಒಂದು ರೂಪಾಯಿ. ಬಳಸಿದ್ದನ್ನು ಪೇಪರಲ್ಲಿ ಸುತ್ತಿ ಎಸೆಯಬೇಕು, ಶೌಚಾಲಯದ ಗುಂಡಿಗೆ ಹಾಕಬಾರದು.

ಈ ತಿಂಗಳು ಬರದಿದ್ದರೆ ಗಾಬರಿಯಾಗಬೇಡಿ. ಮೊದಲ ಎರಡು ಮೂರು ವರ್ಷ 21ರಿಂದ 45 ದಿನದ ಅಂತರ ಸಾಮಾನ್ಯ. ಏಳು ದಿನಕ್ಕಿಂತ ಜಾಸ್ತಿ ರಕ್ತ ಹೋದರೆ, ಗಂಟೆ ಎರಡು ಗಂಟೆಗೆಲ್ಲ ಬಟ್ಟೆ ಪೂರ್ತಿ ತೊಯ್ದರೆ, ಮೂರು ತಿಂಗಳಾದರೂ ಬರದಿದ್ದರೆ ಡಾಕ್ಟರಿಗೆ ತೋರಿಸಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಸುಮ್ನೆ ಎಸೆಯದೆ ನುಂಗಲು ಹೇಳಿ.

ಇನ್ನೊಂದು ಮಾತು. ಬಟ್ಟೆಯನ್ನು ಬಿಸಿಲಿಗೆ ಹಾಕುತ್ತೇನೆ ಅಂತ ಹುಡುಗಿ ಅಜ್ಜಿಗೆ ಹೇಳಲಾರಳು. ರವಿವಾರ ಫೋನ್ ಮಾಡಿದಾಗ ಅತ್ತೆಯವರ ಹತ್ತಿರ ನೀವೇ ಮಾತಾಡಿ.