ಕುಡಗೋಲಿಗೆ ಹತ್ತಿದ ತಾಮ್ರ

ಸವಣೂರಿನ ಎಲೆಬಳ್ಳಿಗೆ ಮಳೆಗಾಲದಲ್ಲಿ ಕೊಳೆರೋಗದ ಕಾಟ. ಅದಕ್ಕೆ ಹಳೆಯ ಮದ್ದು ಬೋರ್ಡೋ ದ್ರಾವಣ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಪಂಪಿಗೆ ತುಂಬುವ ಮೊದಲು ಒಂದು ಪರೀಕ್ಷೆ ಇದೆ. ಚೆನ್ನಾಗಿ ಉಜ್ಜಿದ ಕುಡಗೋಲನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಸುರಿದು ಮತ್ತೆ ಅದ್ದಿ ನೋಡಬೇಕು.

ಆ ಕೆಂಪು ತುಕ್ಕಲ್ಲ. ಒಂದು ನಿಮಿಷದಲ್ಲಿ ಅಷ್ಟು ತುಕ್ಕು ಹಿಡಿಯುವುದೂ ಇಲ್ಲ. ಅದು ಅಪ್ಪಟ ತಾಮ್ರ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ನೀರಿನಲ್ಲಿ ಕರಗಿದ ತಾಮ್ರದ ಕಣಗಳಿಗೆ ಎರಡು ಇಲೆಕ್ಟ್ರಾನ್ ಕಡಿಮೆ ಇರುತ್ತವೆ. ಅಲಗಿನ ಕಬ್ಬಿಣ ತನ್ನ ಎರಡು ಇಲೆಕ್ಟ್ರಾನ್ ಕೊಟ್ಟು, ತಾನು ಕರಗಿ ನೀರಿಗೆ ಹೋಗುತ್ತದೆ. ಇಲೆಕ್ಟ್ರಾನ್ ಸಿಕ್ಕ ತಾಮ್ರ ಮತ್ತೆ ಲೋಹವಾಗಿ ಅಲಗಿಗೆ ಅಂಟಿಕೊಳ್ಳುತ್ತದೆ. ಸುಣ್ಣ ಸಾಕಷ್ಟಿದ್ದರೆ ಅದು ತಾಮ್ರವನ್ನೆಲ್ಲ ಕರಗದ ಹೈಡ್ರಾಕ್ಸೈಡ್ ಮಾಡಿ ಹಿಡಿದಿಟ್ಟಿರುತ್ತದೆ. ಆಗ ಕುಡಗೋಲಿಗೆ ಏನೂ ಸಿಗುವುದಿಲ್ಲ, ಎಲೆಯೂ ಸುಡುವುದಿಲ್ಲ. ಮೈಲುತುತ್ತವನ್ನು ತಗಡಿನ ಬಕೆಟ್ಟಿನಲ್ಲಿ ಕರಗಿಸಬೇಡಿ ಅನ್ನುವುದೂ ಇದಕ್ಕೇ. ತಗಡಿನ ಮೇಲಿನ ಸತು ಕಬ್ಬಿಣಕ್ಕಿಂತ ಬೇಗ ಇಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಬಕೆಟ್ಟೂ ಹಾಳು, ಮದ್ದೂ ಹಾಳು.

ಹತ್ತನೇ ತರಗತಿಯ ಪುಸ್ತಕದಲ್ಲಿ ಇದೇ ಪ್ರಯೋಗ ಇದೆ. ಕುಡಗೋಲಿನ ಬದಲು ಕಬ್ಬಿಣದ ಮೊಳೆ, ಅಷ್ಟೇ. ಆದರೆ ಅಲ್ಲಿಗೆ ಬರುವ ಹೊತ್ತಿಗೆ ಹುಡುಗರು ಸುಸ್ತಾಗಿರುತ್ತಾರೆ. ಪಾಠ ಶುರುವಾಗುವುದೇ ಗುಣಗಳ ಪಟ್ಟಿಯಿಂದ: ಲೋಹ ಹೊಳೆಯುತ್ತದೆ, ಬಡಿದರೆ ತಗಡಾಗುತ್ತದೆ, ಎಳೆದರೆ ತಂತಿಯಾಗುತ್ತದೆ, ಕರೆಂಟು ಹಾಯಿಸುತ್ತದೆ. ಅಲೋಹ ಇದೆಲ್ಲಕ್ಕೂ ಉಲ್ಟಾ. ಅದರ ಬೆನ್ನಿಗೇ ಅಪವಾದಗಳ ಪಟ್ಟಿ. ಪಾದರಸ ಲೋಹವಾದರೂ ದ್ರವ, ಸೋಡಿಯಂ ಚಾಕುವಿಗೆ ಬೆಣ್ಣೆಯಂತೆ ಕೊಯ್ಯಿಸಿಕೊಳ್ಳುತ್ತದೆ, ಅಯೋಡಿನ್ ಅಲೋಹವಾದರೂ ಹೊಳೆಯುತ್ತದೆ, ಪೆನ್ಸಿಲ್ಲಿನ ಗ್ರಾಫೈಟ್ ಕರೆಂಟು ಹಾಯಿಸುತ್ತದೆ. ನನ್ನ ಮಟ್ಟಿಗೆ ಈ ಪಟ್ಟಿಗಳನ್ನು ಸುಮ್ನೆ ಹಿಂದಕ್ಕೆ ಹಾಕಬೇಕು. ಮೊದಲು ಹೇಳಬೇಕಾದ್ದು ಯಾವ ಲೋಹ ಎಷ್ಟು ಸಲೀಸಾಗಿ ಇಲೆಕ್ಟ್ರಾನ್ ಬಿಡುತ್ತದೆ ಅನ್ನುವುದನ್ನು. ಪೊಟ್ಯಾಸಿಯಂ, ಸೋಡಿಯಂ ಎಲ್ಲರಿಗಿಂತ ಮೇಲೆ. ಆಮೇಲೆ ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ. ಕೆಳಗೆ ತಾಮ್ರ, ಬೆಳ್ಳಿ. ತಳದಲ್ಲಿ ಚಿನ್ನ. ಇದೇ ಕ್ರಿಯಾಶೀಲತೆಯ ಸರಣಿ.

ಅದನ್ನು ಬಾಯಿಪಾಠ ಮಾಡುವುದಕ್ಕಿಂತ ಗದಗಿನ ಕಪ್ಪತಗುಡ್ಡ ನೋಡಿಕೊಂಡು ಬರುವುದು ಒಳ್ಳೆಯದು. ಅಲ್ಲಿನ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಭೂವಿಜ್ಞಾನಿಗಳು ದಕ್ಷಿಣ ಭಾರತದ ಇಂಥ ಬಂಡೆಗಳನ್ನು ಧಾರವಾಡದ ಹೆಸರಿನಿಂದಲೇ ಕರೆಯುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಡಂಬಳದ ಗುಡ್ಡಗಳ ಚಿನ್ನದ ಬಂಡೆಗಳ ಬಗ್ಗೆ ಬರೆದಿದ್ದರು. ಅದಕ್ಕಿಂತ ಮೊದಲಿಂದಲೂ ಜಲಗಾರರು ಇಲ್ಲಿನ ಹಳ್ಳಗಳ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಮರಗಿ ಅನ್ನುವ ಮರದ ತಟ್ಟೆ, ನೀರು, ಕೈಚಳಕ ಇದ್ದರೆ ಆಯಿತು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಸ್ವಲ್ಪ ಜಾಸ್ತಿ. ಅಲುಗಾಡಿಸಿದರೆ ಮರಳು ಕೊಚ್ಚಿ ಹೋಗಿ ಚಿನ್ನ ತಳಕ್ಕೆ ನಿಲ್ಲುತ್ತದೆ.

ಅದೇ ಗುಡ್ಡಗಳಲ್ಲಿ ಕಬ್ಬಿಣವೂ ಇದೆ, ಕೆಂಪು ಪಟ್ಟೆ ಪಟ್ಟೆಯಾಗಿ. ಅದನ್ನು ಎಷ್ಟು ತೊಳೆದರೂ ಕಬ್ಬಿಣ ಸಿಗುವುದಿಲ್ಲ. ಚಿನ್ನ ಕೋಟಿಗಟ್ಟಲೆ ವರ್ಷ ಮಳೆ, ಗಾಳಿ, ಬಿಸಿಲಿಗೆ ಬಿದ್ದಿದ್ದರೂ ಆಕ್ಸಿಜನ್ ಕಡೆ ತಿರುಗಿ ನೋಡಿಲ್ಲ. ಕಬ್ಬಿಣ ಹಾಗಲ್ಲ, ಆಕ್ಸಿಜನ್ ಸಿಕ್ಕ ಕೂಡಲೇ ಅದಕ್ಕೆ ಇಲೆಕ್ಟ್ರಾನ್ ಕೊಟ್ಟು ಆಕ್ಸೈಡ್ ಆಗಿ ಕೂತಿದೆ. ಅದನ್ನು ಬಿಡಿಸಬೇಕಾದರೆ ಆಕ್ಸಿಜನ್ ಮೇಲೆ ಕಬ್ಬಿಣಕ್ಕಿಂತ ಹೆಚ್ಚು ಆಸೆ ಇರುವವರು ಯಾರಾದರೂ ಬೇಕು. ಕುಲುಮೆಯ ಬಿಸಿಯಲ್ಲಿ ಆ ಕೆಲಸ ಮಾಡುವುದು ಇದ್ದಿಲು, ಅಂದರೆ ಇಂಗಾಲ. ಅಲೋಹಗಳಲ್ಲಿ ಮನುಷ್ಯನಿಗೆ ಇಷ್ಟು ದುಡಿದುಕೊಟ್ಟದ್ದು ಇನ್ನೊಂದಿಲ್ಲ.

ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕಲ್ಲಿನೊಳಗೆ ಹರಡಿದ್ದರೆ ಮರಗಿಯ ಆಟ ನಡೆಯುವುದಿಲ್ಲ. ಕಲ್ಲನ್ನು ಪುಡಿ ಮಾಡಿ ಸಯನೈಡ್ ನೀರಿನಲ್ಲಿ ಚಿನ್ನ ಕರಗಿಸುತ್ತಾರೆ. ಆಮೇಲೆ ಆ ನೀರಿಗೆ ಸತುವಿನ ಪುಡಿ ಹಾಕುವುದು ಹಳೆಯ ಪದ್ಧತಿ. ಸತು ಕರಗುತ್ತದೆ, ಚಿನ್ನ ಹೊರಗೆ ಬೀಳುತ್ತದೆ. ಸವಣೂರಿನ ಕುಡಗೋಲು ತಾಮ್ರಕ್ಕೆ ಮಾಡಿದ್ದೂ ಇದನ್ನೇ ಅಲ್ವಾ?

ಅಲೋಹಗಳ ಇನ್ನೊಂದು ಮುಖ ಬ್ಯಾಡಗಿ ಕಡೆ ಕಾಣುತ್ತದೆ. ಮೆಣಸಿನ ಗಿಡಕ್ಕೆ ಬೂದಿರೋಗ ಬಂದರೆ ಗಂಧಕ ಹೊಡೆಯುತ್ತಾರೆ. ಗಂಧಕ ಸುಟ್ಟರೆ ಬರುವ ಹೊಗೆ ಮೂಗು, ಗಂಟಲು ಎಲ್ಲ ಉರಿಸುತ್ತದೆ. ಅದಕ್ಕೆ ಒದ್ದೆ ಲಿಟ್ಮಸ್ ಹಿಡಿದರೆ ನೀಲಿ ಕೆಂಪಾಗುತ್ತದೆ. ಅಲೋಹಗಳ ಆಕ್ಸೈಡುಗಳು ಹೆಚ್ಚಾಗಿ ಹೀಗೆ ಆಮ್ಲದ ಕಡೆ, ಲೋಹಗಳವು ಸುಣ್ಣದ ಹಾಗೆ ಪ್ರತ್ಯಾಮ್ಲದ ಕಡೆ.

ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮಿನ ಸುದ್ದಿ ಎಲ್ಲರ ಬಾಯಲ್ಲೂ ಇದೆ. ಹಳಿ ಬೆಸೆಯುವ ಕೆಲಸದ ಬಗ್ಗೆ ಮಾತಾಡುವವರು ಕಡಿಮೆ. ನನ್ನ ಕೇಳಿದರೆ ನೋಡಬೇಕಾದ್ದು ಅದು. ಎರಡು ಹಳಿಗಳ ನಡುವೆ 25 ಮಿಲಿಮೀಟರ್ ಸಂದು ಬಿಟ್ಟು, ಸುತ್ತ ಮರಳಿನ ಅಚ್ಚು ಕಟ್ಟುತ್ತಾರೆ. ತುದಿಗಳನ್ನು ಕೆಂಪಗೆ ಕಾಯಿಸುತ್ತಾರೆ. ಮೇಲೊಂದು ಮೂಸೆ. ಅದರೊಳಗೆ ಮುಖ್ಯವಾಗಿ ಎರಡೇ ಸಾಮಾನು: ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಪುಡಿ. ಕಿಡಿ ತಾಗಿಸಿದರೆ ಬುಸ್ಸೆಂದು ಹೊತ್ತಿಕೊಳ್ಳುತ್ತದೆ. ಕಬ್ಬಿಣದ ಕೈಯಿಂದ ಅಲ್ಯೂಮಿನಿಯಂ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಬಿಸಿ 2,000 ಡಿಗ್ರಿ ದಾಟುತ್ತದೆ. ಕಬ್ಬಿಣ ಕರಗಲು 1,538 ಡಿಗ್ರಿ ಸಾಕು, ಹಾಗಾಗಿ ಅದು ನೀರಾಗಿ ಅಚ್ಚಿಗೆ ಇಳಿದು ಸಂದು ತುಂಬುತ್ತದೆ. ಹಗುರವಾದ ಅಲ್ಯೂಮಿನಿಯಂ ಆಕ್ಸೈಡ್ ಕಿಟ್ಟವಾಗಿ ಮೇಲೆ ತೇಲುತ್ತದೆ. ಕರೆಂಟು ಬೇಡ, ಗಾಳಿ ಊದುವುದೂ ಬೇಡ. ಜರ್ಮನಿಯ ಹ್ಯಾನ್ಸ್ ಗೋಲ್ಡ್‌ಸ್ಮಿತ್ ಇದಕ್ಕೆ 1895ರಲ್ಲಿ ಪೇಟೆಂಟ್ ಪಡೆದ. ಗ್ಯಾಂಗಿನವರು ಇದನ್ನು ಥರ್ಮಿಟ್ ವೆಲ್ಡಿಂಗ್ ಅನ್ನುತ್ತಾರೆ.

ಇಷ್ಟು ಆರ್ಭಟದ ಲೋಹ ನಮ್ಮ ಅಡಿಗೆಮನೆಯಲ್ಲಿ ಪಾತ್ರೆಯಾಗಿ ತೆಪ್ಪಗೆ ಇರುವುದು ಹೇಗೆ? ಆರ್ಭಟದಿಂದಲೇ. ಗಾಳಿ ತಾಗಿದ ಕೂಡಲೇ ಮೇಲ್ಮೈ ಆಕ್ಸೈಡ್ ಆಗಿಬಿಡುತ್ತದೆ. ಆ ತೆಳು ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಈ ಬುದ್ಧಿ ಇಲ್ಲ, ಉದುರಿ ಉದುರಿ ಒಳಗೆ ದಾರಿ ಬಿಡುತ್ತದೆ. ಹುಣಸೆಹಣ್ಣಿನ ಹುಳಿ, ಅಡಿಗೆ ಸೋಡಾ ಎರಡಕ್ಕೂ ಅಲ್ಯೂಮಿನಿಯಂನ ಆ ಪದರ ಸವೆಯುತ್ತದೆ. ಹುಳಿ ಪದಾರ್ಥವನ್ನು ಆ ಪಾತ್ರೆಯಲ್ಲಿ ರಾತ್ರಿಯಿಡೀ ಇಡಬಾರದು ಅನ್ನುವುದು ಅದಕ್ಕೇ.

ಅಲ್ಯೂಮಿನಿಯಂ ಆಕ್ಸಿಜನ್ ಬಿಡಬೇಕಾದರೆ ಇದ್ದಿಲಿನ ಕುಲುಮೆ ಸಾಲದು, ಕರೆಂಟೇ ಬೇಕು. ಆ ದಾರಿ ಸಿಕ್ಕಿದ್ದು 1886ರಲ್ಲಿ. ಇವತ್ತಿಗೂ 1 ಕಿಲೋಗೆ ಸುಮಾರು 14 ಯೂನಿಟ್ ಕರೆಂಟು ಹೋಗುತ್ತದೆ. ಅದೇ 1 ಕಿಲೋ ಹಳಿಯ ಮೇಲಿನ ಮೂಸೆಯಲ್ಲಿ ಉರಿದರೆ 4 ಯೂನಿಟ್‌ನಷ್ಟು ಶಾಖ ಕೆಲವೇ ಸೆಕೆಂಡಿನಲ್ಲಿ ವಾಪಸ್ ಬರುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಕಬ್ಬಿಣವನ್ನು ಆಕ್ಸಿಜನ್‌ನಿಂದ ಬಿಡಿಸುವುದಕ್ಕೆ ಖರ್ಚಾಗುತ್ತದೆ, ಇನ್ನೊಂದು ಪಾಲು ಅಲ್ಯೂಮಿನಿಯಂ ತಯಾರಾಗುವಾಗಲೇ ಕಾರ್ಖಾನೆಯಲ್ಲಿ ಬಿಸಿಯಾಗಿ ಹೋಗಿರುತ್ತದೆ.