ಕೆಡಿಸಿ ಕಲಿಯುವ ವಿದ್ಯೆ

ಡಿಎನ್‌ಎಯ ಅಕ್ಷರಗಳನ್ನು ಓದುವುದು ಈಗ ಯಂತ್ರಗಳಿಗೆ ಸಲೀಸಾದ ಕೆಲಸ. ಆದರೆ ಹಾಗೆ ಓದಿದ ಮಾತ್ರಕ್ಕೆ ಅದರಲ್ಲಿನ ಯಾವ ಜೀನ್ (ವಂಶವಾಹಿ) ಏನು ಮಾಡುತ್ತದೆಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಲು ವಿಜ್ಞಾನಿಗಳು ಹಿಡಿದ ಮೊದಲ ದಾರಿ ವಿಚಿತ್ರವಾದದ್ದು: ಜೀನ್ ಕೆಟ್ಟಿರುವ ಜೀವಿಯನ್ನು ಹುಡುಕಿ, ಅದರಲ್ಲಿ ಏನು ತಪ್ಪಿದೆಯೆಂದು ನೋಡುವುದು.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಸಾಕುತ್ತಿದ್ದ ಕೆಂಪು ಕಣ್ಣಿನ ಹಣ್ಣುನೊಣಗಳ ನಡುವೆ 1910ರಲ್ಲಿ ಬಿಳಿ ಕಣ್ಣಿನ ಗಂಡೊಂದು ಕಾಣಿಸಿಕೊಂಡಿತು. ಅದರಲ್ಲಿ ಕೆಟ್ಟಿದ್ದ ಜೀನ್‌ಗೆ 'ವೈಟ್' ಎಂದೇ ಹೆಸರಾಯಿತು. ನೊಣದ ಕಣ್ಣಿನಲ್ಲಿ ಕೆಂಪು ಮತ್ತು ಕಂದು ಎಂಬ ಎರಡು ವರ್ಣಕಗಳಿದ್ದು, ಅವುಗಳ ಕಚ್ಚಾವಸ್ತುವನ್ನು ಒಳಕ್ಕೆ ಸಾಗಿಸುವ ಪಂಪಿನ ಅರ್ಧಭಾಗವನ್ನು ತಯಾರಿಸುವುದು ಈ ಜೀನ್‌ನ ನಿಜವಾದ ಕೆಲಸವೆಂದು ಬಹಳ ಕಾಲದ ನಂತರ ಗೊತ್ತಾಯಿತು. ಪಂಪಿನ ಉಳಿದರ್ಧ 'ಬ್ರೌನ್' ಎಂಬ ಜೀನ್‌ನಿಂದ ಬಂದರೆ ಕೆಂಪು ವರ್ಣಕಕ್ಕೆ ಬೇಕಾದದ್ದು ಒಳಗೆ ಹೋಗುತ್ತದೆ. 'ಸ್ಕಾರ್ಲೆಟ್' ಜೀನ್‌ನಿಂದ ಬಂದರೆ ಕಂದಿಗೆ ಬೇಕಾದದ್ದು. 'ಬ್ರೌನ್' ಕೆಟ್ಟಾಗ ಕೆಂಪು ಮಾಯವಾಗಿ ಕಂದು ಮಾತ್ರ ಉಳಿಯುವುದರಿಂದ, ಕೆಂಪನ್ನು ತರುವ ಜೀನ್‌ಗೆ ಕಂದೆಂಬ ಹೆಸರು ಅಂಟಿಕೊಂಡಿದೆ. ಮುರಿದದ್ದನ್ನು ನೋಡಿ ಇಟ್ಟ ಹೆಸರುಗಳ ಪಾಡೇ ಇದು.

ಇದೇ ದಾರಿಯನ್ನು ರಸಾಯನಶಾಸ್ತ್ರದವರೆಗೆ ಕೊಂಡೊಯ್ದವರು ಜಾರ್ಜ್ ಬೀಡಲ್ ಮತ್ತು ಎಡ್ವರ್ಡ್ ಟೇಟಂ. 1941ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಬ್ರೆಡ್ಡಿನ ಬೂಷ್ಟಿಗೆ ಕ್ಷ-ಕಿರಣ ಹಾಯಿಸಿ, ಸಾವಿರಾರು ಕೊಳವೆಗಳಲ್ಲಿ ಅದರ ಸಂತತಿಯನ್ನು ಬೆಳೆಸಿದರು. ಸಾಮಾನ್ಯ ಬೂಷ್ಟು ತನಗೆ ಬೇಕಾದ ಜೀವಸತ್ವಗಳನ್ನು ಬಹುಪಾಲು ತಾನೇ ತಯಾರಿಸಿಕೊಳ್ಳುತ್ತದೆ. 299ನೆಯ ಕೊಳವೆಯದು ಮಾತ್ರ ಬಿ6 ಜೀವಸತ್ವವನ್ನು ಹೊರಗಿನಿಂದ ಕೊಡದಿದ್ದರೆ ಬೆಳೆಯಲಿಲ್ಲ. ಒಂದು ಜೀನ್ ಕೆಟ್ಟರೆ ಒಂದು ಕಿಣ್ವ ತಪ್ಪಿ, ತಯಾರಿಕೆಯ ಒಂದು ಹಂತ ನಿಂತುಹೋಗುತ್ತದೆ ಎಂಬ ತಿಳಿವಳಿಕೆ ಇಂಥ ಬೂಷ್ಟುಗಳಿಂದ ಮೂಡಿತು.

ಬೇಕಾದ ಜೀನನ್ನೇ ಗುರಿಯಿಟ್ಟು ಕೆಡಿಸುವ ತಂತ್ರ ಇಲಿಗಳಲ್ಲಿ 1980ರ ದಶಕದ ಕೊನೆಗೆ ಕೈಗೂಡಿತು. ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸುವ ಕ್ರಿಸ್ಪರ್ ತಂತ್ರ ಅದನ್ನು ಇನ್ನೂ ಸುಲಭವಾಗಿಸಿದೆ. ಆದರೂ ಕೆಲವೊಮ್ಮೆ ಜೀನ್ ತೆಗೆದ ಇಲಿ ಏನೂ ಆಗದಂತೆ ಓಡಾಡಿಕೊಂಡಿರುತ್ತದೆ, ಏಕೆಂದರೆ ಆ ಜೀನ್‌ನ ಕೆಲಸವನ್ನು ಅದನ್ನೇ ಹೋಲುವ ಇನ್ನೊಂದು ಜೀನ್ ವಹಿಸಿಕೊಂಡಿರುತ್ತದೆ. ಆಗ ಜೀನನ್ನು ಕೆಡಿಸುವ ಬದಲು, ಅದು ಸಾಮಾನ್ಯವಾಗಿ ಸುಮ್ಮನಿರುವ ಕಡೆ ಚಾಲೂ ಮಾಡಿ ನೋಡಬಹುದು. ಸ್ವಿಟ್ಜರ್ಲೆಂಡ್‌ನ ವಿಜ್ಞಾನಿ ವಾಲ್ಟರ್ ಗೆರಿಂಗ್ ಅವರ ತಂಡ 1995ರಲ್ಲಿ ಹೀಗೆ ಮಾಡಿದಾಗ ನೊಣದ ಕಾಲು, ರೆಕ್ಕೆಗಳ ಮೇಲೆ ಕಣ್ಣುಗಳು ಮೂಡಿದವು. ಆ ಜೀನ್‌ನ ಹೆಸರು 'ಐಲೆಸ್', ಅಂದರೆ ಕಣ್ಣಿಲ್ಲದ್ದು!

ಇಷ್ಟಾದರೂ ಕೆಲವು ಜೀನ್‌ಗಳು ಬಾಯಿಬಿಡುವುದಿಲ್ಲ. ಕೇವಲ 473 ಜೀನ್‌ಗಳಿಂದ ಬದುಕುವ ಬ್ಯಾಕ್ಟೀರಿಯವೊಂದನ್ನು 2016ರಲ್ಲಿ ಪ್ರಯೋಗಾಲಯದಲ್ಲಿ ರೂಪಿಸಿದಾಗ, ಅವುಗಳಲ್ಲಿ 149ರ ಕೆಲಸವೇನೆಂದು ಅದನ್ನು ರೂಪಿಸಿದವರಿಗೇ ತಿಳಿದಿರಲಿಲ್ಲ. ತೆಗೆದರೆ ಜೀವಿ ಸಾಯುತ್ತದೆ ಎಂಬುದರಿಂದ ಜೀನ್ ಅಗತ್ಯವೆಂದಷ್ಟೇ ಗೊತ್ತಾಗುತ್ತದೆ. ಸತ್ತ ಕೋಶದಲ್ಲಿ ನೋಡಲು ಬಿಳಿ ಕಣ್ಣೂ ಇರುವುದಿಲ್ಲ.